ಮಾಧ್ಯಮ ಸಾಕ್ಷರತೆ: ಪುತ್ತೂರು, ಸುಳ್ಯ, ಕಡಬ ತಾಲ್ಲೂಕುಗಳಲ್ಲಿ

ಸುದ್ದಿಯೊಂದು ಕೈಗೆ ಬಂದಾಗ ಹೇಳಿದವರು ಯಾರು, ಅವರಿಗೆ ಗೊತ್ತಾದದ್ದು ಹೇಗೆ, ಈಗಲೇ ಹೇಳುವ ತುರ್ತೇನು ಎಂದು ವಿಚಾರಿಸಿ, ಆಮೇಲೆ ನಂಬುವ, ಬಿಡುವ ಅಥವಾ ಇನ್ನಷ್ಟು ತಿಳಿಯುವವರೆಗೆ ತಡೆದಿಡುವ ಸಾಮರ್ಥ್ಯವನ್ನು ಮಾಧ್ಯಮ ಸಾಕ್ಷರತೆ ಎನ್ನುತ್ತಾರೆ. ಇದು ಶಾಲಾ ಶಿಕ್ಷಣದ ಭಾಗವಾಗಬೇಕೆಂಬ ಮಾತು 1982ರಲ್ಲಿ ಆಗಿನ ಪಶ್ಚಿಮ ಜರ್ಮನಿಯ ಗ್ರುನ್‌ವಾಲ್ಡ್‌ನಲ್ಲಿ ಯುನೆಸ್ಕೊ ನಡೆಸಿದ ಸಭೆಯ ಘೋಷಣೆಯಲ್ಲಿ ಬಂತು. ಆಗ ಎಲ್ಲರ ಚಿಂತೆ ಟೆಲಿವಿಷನ್ನಿನದಾಗಿತ್ತು. ಇಂದು ಆ ಜಾಗಕ್ಕೆ ವಾಟ್ಸಾಪ್, ಯೂಟ್ಯೂಬ್, ಫೇಸ್‌ಬುಕ್ ಬಂದಿವೆ; ಓದುಗನೇ ಹಂಚುವವನೂ ಆಗಿದ್ದಾನೆ.

ದಕ್ಷಿಣ ಕನ್ನಡದ ಈ ಮೂರು ತಾಲ್ಲೂಕುಗಳನ್ನು ಪ್ರತ್ಯೇಕವಾಗಿ ನೋಡಲು ಕಾರಣವಿದೆ. ಸ್ಥಳಕ್ಕೆ ಹೋಗಿ ನೋಡಿ ಬರೆಯುವ, ಬರೆದದ್ದಕ್ಕೆ ಹೊಣೆಯಾಗುವ ಗಟ್ಟಿ ಪರಂಪರೆಯೊಂದು ಇಲ್ಲಿ ಬೆಳೆದಿದೆ. ವದಂತಿಯ ಭಯಕ್ಕೆ ಪೇಟೆಗಳು ಬಾಗಿಲು ಹಾಕಿಕೊಂಡ ದಿನಗಳನ್ನೂ ಇದೇ ಊರುಗಳು ಕಂಡಿವೆ. ಎರಡನ್ನೂ ಒಟ್ಟಿಗೆ ಇಟ್ಟು ನೋಡದೆ ಇಲ್ಲಿನ ಮಾಧ್ಯಮ ಸಾಕ್ಷರತೆಯ ಬಗ್ಗೆ ಹೇಳುವುದು ಅರೆಬರೆಯಾಗುತ್ತದೆ.

ನೆಲ ಮತ್ತು ನುಡಿ

ಪುತ್ತೂರು ಮತ್ತು ಸುಳ್ಯ ಹಳೆಯ ತಾಲ್ಲೂಕುಗಳು. ಇವೆರಡರಿಂದ ಗ್ರಾಮಗಳನ್ನು ಬೇರ್ಪಡಿಸಿ 2018ರಲ್ಲಿ ಕಡಬ ತಾಲ್ಲೂಕು ರೂಪುಗೊಂಡಿತು; ಕುಕ್ಕೆ ಸುಬ್ರಹ್ಮಣ್ಯ ಈಗ ಕಡಬಕ್ಕೆ ಸೇರಿದೆ. ಅಡಿಕೆ, ರಬ್ಬರ್, ತೆಂಗು, ಗೇರು ಇಲ್ಲಿನ ಬದುಕು. ಮನೆಗಳು ಪೇಟೆಯ ಸಾಲಿನಲ್ಲಿಲ್ಲ, ತೋಟದ ನಡುವೆ ಒಂದೊಂದು ಗುಡ್ಡದ ಬುಡದಲ್ಲಿ ಇವೆ. ಆದ್ದರಿಂದ ಸುದ್ದಿ ಎಂಬುದು ಎಂದೂ ದೂರದಿಂದ ಬರುವ ಸಂಗತಿಯೇ: ಹಿಂದೆ ಜೀಪಿನವರು ತಂದದ್ದು, ಸೊಸೈಟಿಯ ಜಗಲಿಯಲ್ಲಿ ಕೇಳಿದ್ದು, ಈಗ ಫೋನಿಗೆ ಬಂದದ್ದು.

2011ರ ಜನಗಣತಿಯಲ್ಲಿ ದಕ್ಷಿಣ ಕನ್ನಡ ಜಿಲ್ಲೆಯ ಸಾಕ್ಷರತೆ ಶೇಕಡ 88.57. ಅಕ್ಷರ ಬಲ್ಲವರು ಸುಳ್ಳಿಗೆ ಬೀಳುವುದಿಲ್ಲ ಎಂಬ ನಂಬಿಕೆಗೆ ಈ ಜಿಲ್ಲೆಯ ಅನುಭವ ಬೆಂಬಲ ಕೊಡುವುದಿಲ್ಲ. ಓದಲು ಬಂದರೆ ಫಾರ್ವರ್ಡ್ ಮಾಡಲೂ ಬರುತ್ತದೆ.

ನುಡಿಯ ವಿಚಾರ ಇನ್ನೂ ಮುಖ್ಯ. ಒಂದೇ ಬಸ್ಸಿನಲ್ಲಿ ತುಳು, ಕನ್ನಡ, ಅರೆಭಾಷೆ, ಹವ್ಯಕ, ಬ್ಯಾರಿ, ಕೊಂಕಣಿ, ಮರಾಟಿ, ಮಲಯಾಳ ಕೇಳಿಸುತ್ತವೆ. ಸತ್ಯಶೋಧನೆ ನಡೆಸುವ ಹಲವು ತಾಣಗಳು ಬರೆಯುವುದು ಇಂಗ್ಲಿಷಿನಲ್ಲಿ. ನ್ಯೂಸ್‌ಚೆಕ್ಕರ್, ನ್ಯೂಸ್‌ಮೀಟರ್ ಮುಂತಾದ ಕೆಲವು ಕನ್ನಡದಲ್ಲೂ ಬರೆಯುತ್ತವೆ. ಆದರೆ ಇಲ್ಲಿ ಹೆಚ್ಚು ಪರಿಣಾಮ ಮಾಡುವುದು ತುಳುವಿನಲ್ಲಿ, ಬ್ಯಾರಿಯಲ್ಲಿ, ಅರೆಭಾಷೆಯಲ್ಲಿ ಮಾತಾಡಿ ಕಳಿಸಿದ ಒಂದೆರಡು ನಿಮಿಷದ ಧ್ವನಿ ಸಂದೇಶ. ಚಿತ್ರವನ್ನು ಗೂಗಲ್‌ನಲ್ಲಿ ಹಾಕಿ ಅದರ ಹಳೆಯ ಜಾಡು ಹಿಡಿಯಬಹುದು. ಬರಹದ ಒಂದು ಸಾಲನ್ನು ಹುಡುಕಬಹುದು. ಅಪರಿಚಿತ ಗಂಟಲೊಂದು ತಾಯ್ನುಡಿಯಲ್ಲಿ ಆತಂಕದಿಂದ ಹೇಳಿದ ಮಾತನ್ನು ಹುಡುಕಲು ಸುಲಭದ ಯಂತ್ರವಿಲ್ಲ. ನಮ್ಮವರದೇ ದನಿ ಎಂಬ ಒಂದೇ ಕಾರಣಕ್ಕೆ ಅದು ನಂಬಿಕೆ ಗಳಿಸುತ್ತದೆ. ಮಾಧ್ಯಮ ಸಾಕ್ಷರತೆಯ ಪಠ್ಯಗಳು ಈ ತೊಡಕನ್ನು ಸಾಕಷ್ಟು ಗಮನಿಸಿಲ್ಲ.

ಪತ್ರಿಕೆಗಳ ವಿಷಯದಲ್ಲಿ ಮಾತ್ರ ಇದು ಶ್ರೀಮಂತ ಪ್ರದೇಶ. ಯು.ಪಿ. ಶಿವಾನಂದ ಅವರು ಕಟ್ಟಿದ ‘ಸುದ್ದಿ ಬಿಡುಗಡೆ’ ಪುತ್ತೂರು, ಸುಳ್ಯ, ಬೆಳ್ತಂಗಡಿಗಳಿಗೆ ಬೇರೆಬೇರೆಯಾಗಿ ಹೊರಡುತ್ತದೆ. ಮಣಿಪಾಲದ ‘ಉದಯವಾಣಿ’ ಮನೆಮನೆಯಲ್ಲಿದೆ. ಪುತ್ತೂರಿನ ವಿವೇಕಾನಂದ ವಿದ್ಯಾಸಂಸ್ಥೆಯ ಆವರಣದಿಂದ 90.8 ತರಂಗಾಂತರದಲ್ಲಿ ‘ರೇಡಿಯೊ ಪಾಂಚಜನ್ಯ’ ಎಂಬ ಸಮುದಾಯ ಬಾನುಲಿ ಕೇಳಿಸುತ್ತದೆ. ‘ಹೊಸ ದಿಗಂತ’ ಮತ್ತು ‘ವಾರ್ತಾಭಾರತಿ’ ದಿನಪತ್ರಿಕೆಗಳ ನಿಲುವು ಬೇರೆಬೇರೆ. ಒಂದೇ ಘಟನೆಯ ವರದಿಯನ್ನು ಎರಡರಲ್ಲೂ ಓದುವುದು ಒಳ್ಳೆಯ ಪಾಠ: ಎರಡರಲ್ಲೂ ಒಂದೇ ಆಗಿರುವುದು ಯಾವುದು, ಒಂದರಲ್ಲಿ ಇದ್ದು ಇನ್ನೊಂದರಲ್ಲಿ ಬಿಟ್ಟುಹೋದದ್ದು ಯಾವುದು ಎಂದು ಗುರುತು ಹಾಕಿಕೊಂಡರೆ ಸಾಕು. ಹೆಚ್ಚಿನ ಮನೆಗಳಿಗೆ ಬರುವುದು ಎರಡರಲ್ಲಿ ಒಂದು ಮಾತ್ರ ಎಂಬುದು ಬೇಸರದ ಸಂಗತಿ.

ಮೊಬೈಲಿಗೆ ಮುಂಚೆ: 1837

ವದಂತಿ ಮತ್ತು ಪ್ರಚಾರ ಎರಡೂ ಸುಳ್ಯಕ್ಕೆ ಹೊಸತಲ್ಲ. 1834ರಲ್ಲಿ ಕಂಪನಿ ಸರಕಾರ ಕೊಡಗನ್ನು ವಶಪಡಿಸಿಕೊಂಡು ಅದರ ಅರಸ ಚಿಕ್ಕ ವೀರರಾಜೇಂದ್ರನನ್ನು ಗಡೀಪಾರು ಮಾಡಿದ ಮೇಲೆ, ಅದುವರೆಗೆ ಕೊಡಗಿಗೆ ಸೇರಿದ್ದ ಅಮರ ಸುಳ್ಯ ಮತ್ತು ಪುತ್ತೂರು ಸೀಮೆ ಕೆನರಾ ಜಿಲ್ಲೆಗೆ ಹೋಯಿತು. ಧಾನ್ಯದ ರೂಪದಲ್ಲಿ ಕೊಡುತ್ತಿದ್ದ ಕಂದಾಯವನ್ನು ನಗದಾಗಿ ಕೇಳಿದ್ದು ರೈತರನ್ನು ಕೆರಳಿಸಿತು. 1837ರ ಮಾರ್ಚ್ ಕೊನೆಗೆ ಕೆದಂಬಾಡಿ ರಾಮಯ್ಯ ಗೌಡ ಮೊದಲಾದವರ ಮುಂದಾಳ್ತನದಲ್ಲಿ ಜನ ಎದ್ದರು. ಬೆಳ್ಳಾರೆಯ ಖಜಾನೆ ಹಿಡಿದು, ಏಪ್ರಿಲ್ 5ರಂದು ಮಂಗಳೂರು ತಲುಪಿ, ಬಾವುಟಗುಡ್ಡೆಯಲ್ಲಿ ತಮ್ಮ ಧ್ವಜ ಏರಿಸಿ ಸುಮಾರು ಎರಡು ವಾರ ಆಳಿದರು.

ಈ ದಂಡಿನ ಮುಂದಿದ್ದದ್ದು ಕೊಡಗಿನ ಹಾಲೇರಿ ರಾಜವಂಶದ ಕಲ್ಯಾಣಸ್ವಾಮಿ ಎಂದು ಜನ ತಿಳಿದಿದ್ದರು. ವಾಸ್ತವದಲ್ಲಿ ಅವರು ಶನಿವಾರಸಂತೆ ಕಡೆಯ ಪುಟ್ಟಬಸಪ್ಪ ಎಂಬ ರೈತ. ಕಲ್ಯಾಣಸ್ವಾಮಿ ಆಗಲೇ ಸರಕಾರದ ಸೆರೆಯಲ್ಲಿದ್ದರು. ರಾಜನ ಹೆಸರಿಲ್ಲದೆ ದಂಡು ಕೂಡುವುದಿಲ್ಲ ಎಂಬ ಲೆಕ್ಕಾಚಾರದಿಂದ ಹೆಸರು ಎರವಲು ಪಡೆದಿದ್ದರು. ಇತ್ತ ಕಂಪನಿಯ ಬರಹಗಳು ಇಡೀ ಘಟನೆಯನ್ನು ಲೂಟಿ, ಪುಂಡಾಟ ಎಂದು ದಾಖಲಿಸಿದವು. ಸೋತವರಲ್ಲಿ ಕೆಲವರನ್ನು ಬಿಕರ್ನಕಟ್ಟೆಯಲ್ಲಿ ಬಹಿರಂಗವಾಗಿ ಗಲ್ಲಿಗೇರಿಸಲಾಯಿತು. ಗೆದ್ದವರ ಆ ವಿವರಣೆಯೇ ಒಂದೂವರೆ ಶತಮಾನ ಪಠ್ಯಗಳಲ್ಲಿ ಉಳಿದುಕೊಂಡಿತು. ಸ್ಥಳೀಯ ಸಂಶೋಧಕರು ದಾಖಲೆಗಳನ್ನು ಮತ್ತೆ ತೆರೆದು ಓದಿದ ಮೇಲೆ ಅದು ರೈತರ ಸ್ವಾತಂತ್ರ್ಯ ಸಮರವೆಂಬ ಓದು ನೆಲೆಯಾಯಿತು. ಬಾವುಟಗುಡ್ಡೆಯಲ್ಲಿ ರಾಮಯ್ಯ ಗೌಡರ ಪ್ರತಿಮೆ ಅನಾವರಣಗೊಂಡದ್ದು 2022ರ ನವೆಂಬರಿನಲ್ಲಿ. ಕನ್ನಡದ ಮೊದಲ ಪತ್ರಿಕೆ ‘ಮಂಗಳೂರು ಸಮಾಚಾರ’ವನ್ನು ಹೆರ್ಮನ್ ಮೊಗ್ಲಿಂಗ್ ಹೊರತಂದದ್ದು 1843ರಲ್ಲಿ, ಅಂದರೆ ಈ ದಂಗೆಯ ಆರು ವರ್ಷಗಳ ಬಳಿಕ. ದಂಗೆಯ ಕಾಲಕ್ಕೆ ಜನರ ಬಳಿ ಕನ್ನಡದ ಪತ್ರಿಕೆ ಇರಲೇ ಇಲ್ಲ.

ಬಾಲವನದ ಕೆಲಸ

ಪುತ್ತೂರಿನ ಪರ್ಲಡ್ಕದ ಬಾಲವನದಲ್ಲಿ ದಶಕಗಳ ಕಾಲ ನೆಲೆಸಿದ್ದ ಕೋಟ ಶಿವರಾಮ ಕಾರಂತರು ಮಕ್ಕಳಿಗಾಗಿ 1936ರಲ್ಲಿ ‘ಬಾಲಪ್ರಪಂಚ’ವನ್ನೂ ಮುಂದೆ ದೊಡ್ಡವರಿಗಾಗಿ ನಾಲ್ಕು ಸಂಪುಟಗಳ ‘ವಿಜ್ಞಾನ ಪ್ರಪಂಚ’ವನ್ನೂ ಒಬ್ಬರೇ ಬರೆದರು. ತಮ್ಮದೇ ಮುದ್ರಣಾಲಯ, ಪ್ರಕಾಶನ ನಡೆಸಿದರು. ಮಾಧ್ಯಮ ಸಾಕ್ಷರತೆ ಎಂಬ ಹೆಸರು ಆಗ ಇರಲಿಲ್ಲ. ಆದರೂ ಪಟ್ಟಣಗಳಿಂದ ದೂರದ ಈ ಊರಿನಲ್ಲಿ ಕೂತು, ಕನ್ನಡ ಓದುವ ಹುಡುಗನಿಗೆ ನಕ್ಷತ್ರ, ಜೀವಿ, ಯಂತ್ರಗಳ ಬಗ್ಗೆ ಪ್ರಮಾಣಬದ್ಧ ಮಾತು ಸಿಗಬೇಕೆಂದು ಹಟ ಹಿಡಿದದ್ದು ಈ ವಿಷಯದ ಚರಿತ್ರೆಯಲ್ಲಿ ಮೊದಲ ಸಾಲಿಗೆ ಬರುವ ಕೆಲಸ. ಬುಡದಲ್ಲಿ ಸರಿಯಾದ ತಿಳಿವಳಿಕೆ ಇಲ್ಲದವನಿಗೆ ಸಂದೇಹಪಡುವುದನ್ನು ಮಾತ್ರ ಕಲಿಸಿದರೆ ಅವನು ಎಲ್ಲವನ್ನೂ ಸಂದೇಹಿಸುತ್ತಾನೆ, ಲಸಿಕೆಯನ್ನೂ.

ಎಂಡೋಸಲ್ಫಾನ್: ಊರಿನವರ ಮಾತು ನಿಜವಾದಾಗ

ಸುಳ್ಳು ಸುದ್ದಿಯ ಚರ್ಚೆಯಲ್ಲಿ ಸಾಮಾನ್ಯವಾಗಿ ಅಧಿಕಾರಿಗಳದು ಸತ್ಯ, ಊರಿನವರದು ವದಂತಿ ಎಂಬ ಊಹೆ ಅಡಗಿರುತ್ತದೆ. ಅದನ್ನು ತಲೆಕೆಳಗು ಮಾಡಿದ ಪ್ರಕರಣ ಈ ತಾಲ್ಲೂಕುಗಳಲ್ಲಿ ಮತ್ತು ಅವುಗಳಿಗೆ ತಾಗಿದ ಕಾಸರಗೋಡಿನಲ್ಲೇ ನಡೆಯಿತು.

ಕೇರಳ ಪ್ಲಾಂಟೇಶನ್ ಕಾರ್ಪೊರೇಶನ್ ಕಾಸರಗೋಡಿನ ತನ್ನ ಗೇರು ತೋಟಗಳ ಮೇಲೆ 1970ರ ದಶಕದ ಉತ್ತರಾರ್ಧದಿಂದ 2000ದವರೆಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಸಿಂಪಡಿಸಿತು. ಗಡಿಯ ಈಚೆ ಕರ್ನಾಟಕ ಗೇರು ಅಭಿವೃದ್ಧಿ ನಿಗಮವೂ ತನ್ನ ತೋಟಗಳಲ್ಲಿ ಹಾಗೆಯೇ ಮಾಡಿತು. ಕಾಸರಗೋಡಿನ ಎಣ್ಮಕಜೆ ಪಂಚಾಯತಿನ ಪಡ್ರೆ ಗ್ರಾಮದಲ್ಲಿ ಕೈಕಾಲು ತಿರುಚಿದ ಕರುಗಳು ಹುಟ್ಟಿದ್ದನ್ನು ಕಂಡು ಮೊದಲು ಬರೆದವರು ಅಲ್ಲಿಯವರೇ ಆದ ಕೃಷಿಕ ಪತ್ರಕರ್ತ ಶ್ರೀ ಪಡ್ರೆ. ಅದು 1980ರ ದಶಕದ ಆರಂಭ. ಬಳಿಕ ವಾಣೀನಗರದಲ್ಲಿ ವೈದ್ಯರಾಗಿದ್ದ ವೈ.ಎಸ್. ಮೋಹನ್ ಕುಮಾರ್ ತಮ್ಮ ಬಳಿಗೆ ಬರುವ ರೋಗಿಗಳಲ್ಲಿ ವಿಚಿತ್ರ ಹೆಚ್ಚಳ ಕಂಡು ಮನೆಮನೆಯ ಲೆಕ್ಕ ಇಟ್ಟರು. ಇಬ್ಬರೂ ಸಂಸ್ಥೆಯ ಬಲ ಇಲ್ಲದವರು. ಹಲವು ವರ್ಷ ಇದು ಭಾವೋದ್ರೇಕದ ಮಾತು, ಆಧಾರವಿಲ್ಲದ್ದು ಎಂದೇ ತಳ್ಳಿಹಾಕಲಾಯಿತು.

2001ರಲ್ಲಿ ನಡೆದದ್ದು ತರಗತಿಯಲ್ಲಿ ಇಟ್ಟು ಪಾಠ ಮಾಡಬೇಕಾದ ಸಂಗತಿ. ದೆಹಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರ ಪಡ್ರೆಯ ನೀರು, ಮಣ್ಣು, ರಕ್ತದ ಮಾದರಿಗಳಲ್ಲಿ ಎಂಡೋಸಲ್ಫಾನ್ ಪತ್ತೆ ಮಾಡಿತು. ಸಿಂಪಡಿಸಿದ ಪ್ಲಾಂಟೇಶನ್ ಕಾರ್ಪೊರೇಶನ್ ತಾನೇ ಹಣ ಕೊಟ್ಟು ಇನ್ನೊಂದು ಸಂಸ್ಥೆಯಿಂದ ಮಾಡಿಸಿದ ಪರೀಕ್ಷೆ ಅಪಾಯವಿಲ್ಲವೆಂದಿತು. ಎರಡೂ ಪ್ರಯೋಗಾಲಯದ ವರದಿಗಳೇ, ಎರಡರಲ್ಲೂ ಅಂಕಿಗಳಿದ್ದವು. ಯಾವುದನ್ನು ನಂಬುವುದು? ಯಾರ ಹಣದಿಂದ ನಡೆಯಿತು, ಮಾದರಿ ಎಲ್ಲಿಂದ ಯಾವ ತಿಂಗಳಲ್ಲಿ ತೆಗೆದರು, ಹೋಲಿಸಲು ಸಿಂಪಡಿಸದ ಊರನ್ನು ತೆಗೆದುಕೊಂಡರೆ ಎಂದು ಕೇಳದೆ ದಾರಿ ಇರಲಿಲ್ಲ. ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆ ಹೀಗೆ ಹೋಲಿಕೆಯ ಊರನ್ನಿಟ್ಟುಕೊಂಡು ಅಧ್ಯಯನ ಮಾಡಿ, ಪಡ್ರೆಯ ಮಕ್ಕಳಲ್ಲಿ ತೊಂದರೆ ಹೆಚ್ಚೆಂದು ಹೇಳಿತು. ಸುಪ್ರೀಂ ಕೋರ್ಟು 2011ರ ಮೇ 13ರಂದು ದೇಶದಲ್ಲಿ ಎಂಡೋಸಲ್ಫಾನ್ ತಯಾರಿಕೆ, ಮಾರಾಟ, ಬಳಕೆಯನ್ನು ತಡೆಯಿತು. ಈಗ ಕಡಬ ತಾಲ್ಲೂಕಿಗೆ ಸೇರಿದ ಕೊಯ್ಲದಲ್ಲಿ, ಪಕ್ಕದ ಬೆಳ್ತಂಗಡಿಯ ಕೊಕ್ಕಡದಲ್ಲಿ ಸಂತ್ರಸ್ತರ ಪಾಲನಾ ಕೇಂದ್ರಗಳಿವೆ.

ಈ ಭಾಗದ ಪ್ರತಿ ಕಾಯಿಲೆಯನ್ನೂ ಎಂಡೋಸಲ್ಫಾನಿಗೆ ಕಟ್ಟುವುದು ಸರಿಯಲ್ಲ ಎಂದು ವಾದಿಸುವ ಕೃಷಿ ವಿಜ್ಞಾನಿಗಳು ಇಂದಿಗೂ ಇದ್ದಾರೆ. ಅವರ ವಾದಕ್ಕೂ ಸಾಕ್ಷ್ಯದಿಂದಲೇ ಉತ್ತರ ಕೊಡಬೇಕು. ಆದರೆ ಇಪ್ಪತ್ತು ವರ್ಷ ಊರಿನವರ ಮಾತನ್ನು ಕೇಳಿಸಿಕೊಳ್ಳದೆ ಇದ್ದದ್ದಕ್ಕೆ ಯಾವ ವಿಜ್ಞಾನದ ಸಮರ್ಥನೆಯೂ ಇಲ್ಲ.

ಅಡಿಕೆ ಪತ್ರಿಕೆ

ಅದೇ ಶ್ರೀ ಪಡ್ರೆ ಅವರ ಸಂಪಾದಕತ್ವದಲ್ಲಿ 1988ರಿಂದ ಪುತ್ತೂರಿನಿಂದ ‘ಅಡಿಕೆ ಪತ್ರಿಕೆ’ ಹೊರಡುತ್ತಿದೆ. ಇದಕ್ಕೆ ನೆಲ ಹದ ಮಾಡಿದ್ದು ‘ಕೃಷಿಕರ ಕೈಗೆ ಲೇಖನಿ’ ಎಂಬ ಕಾರ್ಯಾಗಾರ. ಅಡಿಕೆ ಬೆಳೆಗಾರರ ಸಂಘಟನೆಯ ಬೆಂಬಲದಿಂದ, ಮಂಚಿ ಶ್ರೀನಿವಾಸ ಆಚಾರ್ ಮೊದಲಾದವರ ಪರಿಶ್ರಮದಿಂದ ನಿಂತ ಈ ಮಾಸಿಕವನ್ನು ಈಗ ಫಾರ್ಮರ್ ಫಸ್ಟ್ ಟ್ರಸ್ಟ್ ನಡೆಸುತ್ತದೆ. ಬರೆಯುವವರು ಬಹುಪಾಲು ಕೃಷಿಕರೇ.

ಇದರ ರೀತಿಯನ್ನು ಹತ್ತಿರದಿಂದ ನೋಡುವುದು ಲಾಭಕರ. ಒಂದು ತೋಟದ ಬಗ್ಗೆ ಲೇಖನ ಬಂದರೆ ಕೃಷಿಕನ ಹೆಸರು, ಊರು ಇರುತ್ತದೆ, ಕೊನೆಯಲ್ಲಿ ಫೋನ್ ಸಂಖ್ಯೆ ಇರುತ್ತದೆ. ಓದಿದವನು ಮರುದಿನವೇ ಕರೆ ಮಾಡಿ ‘ನೀವು ಹೇಳಿದ್ದು ಹೌದೋ’ ಎಂದು ಕೇಳಬಹುದು, ಬಸ್ಸು ಹತ್ತಿ ಹೋಗಿ ನೋಡಬಹುದು. ಹೀಗಿರುವಾಗ ಎಕರೆಗೆ ಲಕ್ಷಗಟ್ಟಲೆ ಲಾಭವೆಂದು ಬಾಯಿಗೆ ಬಂದದ್ದನ್ನು ಹೇಳಲು ಯಾರಿಗೂ ಧೈರ್ಯ ಬರುವುದಿಲ್ಲ. ಯೂಟ್ಯೂಬಿನ ‘ಒಂದೇ ಗಿಡದಲ್ಲಿ ಕೋಟಿ ಆದಾಯ’ ಮಾದರಿಯ ವಿಡಿಯೊಗಳ ಪಕ್ಕದಲ್ಲಿ ಇಟ್ಟು ನೋಡಿದರೆ ವ್ಯತ್ಯಾಸ ಕಣ್ಣಿಗೆ ಹೊಡೆಯುತ್ತದೆ: ಅಲ್ಲಿ ಗಿಡ ಮಾರುವವನ ಸಂಖ್ಯೆ ಇರುತ್ತದೆ, ಬೆಳೆದವನದು ಇರುವುದಿಲ್ಲ.

ಸುಳ್ಯದ ಸಂಪಾಜೆ, ಅರಂತೋಡು ಕಡೆಯ ಹಳದಿ ಎಲೆ ರೋಗದ ತೋಟಗಳಿಗೆ ಯಾರ ಮಾತು ನಂಬಬೇಕೆಂಬುದು ಜೀವನ್ಮರಣದ ಪ್ರಶ್ನೆ. ಫೈಟೊಪ್ಲಾಸ್ಮಾ ಎಂಬ ಸೂಕ್ಷ್ಮಜೀವಿಯಿಂದ ಬರುವ ಈ ರೋಗಕ್ಕೆ ಮರವನ್ನು ಗುಣಪಡಿಸುವ ಮದ್ದು ಇಲ್ಲ. ತಾಳಿಕೊಳ್ಳುವ ಮರಗಳಿಂದ ಸಸಿ ಮಾಡುವ ದಾರಿಯನ್ನು ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ ಹಿಡಿದಿದೆ. ತೋಟ ಕಳೆದುಕೊಳ್ಳುತ್ತಿರುವ ಮನುಷ್ಯನಿಗೆ ‘ಮದ್ದು ಇದೆ’ ಎಂಬ ಸಂದೇಶ ಬಂದಾಗ ಅವನು ಅದನ್ನು ಪರೀಕ್ಷಿಸಬೇಕೆಂದು ಬಯಸುವುದು ಸುಲಭ, ಅವನ ಜಾಗದಲ್ಲಿ ನಿಂತು ನೋಡಿದರೆ ಕಷ್ಟ ಗೊತ್ತಾಗುತ್ತದೆ.

ವಾಟ್ಸಾಪನ್ನೇ ಸದುಪಯೋಗಪಡಿಸಿದ ಉದಾಹರಣೆಯೂ ಇದೇ ಬಳಗದ್ದು. 2021ರಲ್ಲಿ ಬಾಳೆಕಾಯಿಗೆ ಬೆಲೆ ಇಲ್ಲದಾಗ ಅದನ್ನು ಒಣಗಿಸಿ ಹುಡಿ ಮಾಡುವ ‘ಬಾಕಾಹು’ ಅಭಿಯಾನ ಗ್ರೂಪುಗಳಲ್ಲೇ ಹಬ್ಬಿತು. ಮಾಡಿ ನೋಡಿದವರು ಚಿತ್ರ, ಅಳತೆ, ಕೆಟ್ಟುಹೋದದ್ದರ ವಿವರ ಎಲ್ಲವನ್ನೂ ಹಾಕಿದರು.

ಮಳೆಗಾಲದ ಸುದ್ದಿಗಳು

ಜೂನ್ ಬಂತೆಂದರೆ ಇಲ್ಲಿನ ಫೋನುಗಳಲ್ಲಿ ನೆರೆ, ಗುಡ್ಡ ಜರಿತ, ಶಾಲೆಗೆ ರಜೆ ಈ ಮೂರರದೇ ಹರಿದಾಟ. ರಜೆಯ ಸಂದೇಶದಲ್ಲಿ ಮೋಸ ಮಾಡುವುದು ತೀರ ಸುಲಭ: ಜಿಲ್ಲಾಧಿಕಾರಿಯ ಹಳೆಯ ಆದೇಶದ ಪ್ರತಿಯಲ್ಲಿ ದಿನಾಂಕ ತಿದ್ದಿದರೆ ಆಯಿತು. ಕೆಲವೊಮ್ಮೆ ರಜೆ ಇಡೀ ಜಿಲ್ಲೆಗೆ, ಕೆಲವೊಮ್ಮೆ ಕೆಲವು ತಾಲ್ಲೂಕುಗಳಿಗೆ ಮಾತ್ರ ಇರುವುದರಿಂದ ಗೊಂದಲ ಇನ್ನೂ ಹೆಚ್ಚು. ಆದೇಶದ ಸಂಖ್ಯೆ, ವಾರ ಮತ್ತು ದಿನಾಂಕ ತಾಳೆಯಾಗುತ್ತವೆಯೇ, ತಿದ್ದಿದ ಅಂಕಿಯ ಅಕ್ಷರ ಉಳಿದದ್ದಕ್ಕೆ ಹೊಂದುತ್ತದೆಯೇ ಎಂದು ಏಳನೆಯ ತರಗತಿಯ ಮಗು ಕೂಡ ನೋಡಬಲ್ಲದು. ರಜೆ ಬೇಕಾದ ಮಗು ನೋಡುವುದಿಲ್ಲ, ಅಷ್ಟೆ. ಬೇಕಾದದ್ದನ್ನು ಬೇಗ ನಂಬುವ ಈ ಗುಣ ದೊಡ್ಡವರಲ್ಲೂ ಹಾಗೆಯೇ ಇದೆ.

ನೆರೆಯ ಚಿತ್ರಗಳದ್ದು ಬೇರೆ ಬಗೆಯ ಪರೀಕ್ಷೆ. ಸುಬ್ರಹ್ಮಣ್ಯದ ಕುಮಾರಧಾರಾ ಸ್ನಾನಘಟ್ಟ ಬಹುತೇಕ ಪ್ರತಿ ವರ್ಷ ಮುಳುಗುತ್ತದೆ. ಹೀಗಾಗಿ ಅದು ಮುಳುಗಿದ ಚಿತ್ರ ಇಂದಿನದೋ ಐದು ವರ್ಷ ಹಳೆಯದೋ ಎಂದು ಚಿತ್ರ ನೋಡಿ ಹೇಳುವುದು ಕಷ್ಟ. ಕಡಬದ ಹೊಸಮಠದ ವಿಷಯ ಹಾಗಲ್ಲ. ಉಪ್ಪಿನಂಗಡಿ–ಸುಬ್ರಹ್ಮಣ್ಯ ದಾರಿಯಲ್ಲಿ ಗುಂಡ್ಯ ಹೊಳೆಗೆ ಇದ್ದ ಹಳೆಯ ಮುಳುಗುಸೇತುವೆ ಜೋರು ಮಳೆಗೆ ನೀರಿನಡಿ ಹೋಗಿ ಬಸ್ಸುಗಳು ಎರಡೂ ದಡದಲ್ಲಿ ನಿಲ್ಲುತ್ತಿದ್ದವು. ಈಗ ಎತ್ತರದ ಹೊಸ ಸೇತುವೆ ಬಂದಿದೆ. ಹಾಗಾಗಿ ‘ಹೊಸಮಠ ಸೇತುವೆ ಮುಳುಗಿದೆ, ಸುಬ್ರಹ್ಮಣ್ಯ ಸಂಪರ್ಕ ಕಡಿತ’ ಎಂಬ ಚಿತ್ರಸಹಿತ ಸಂದೇಶ ಬಂದರೆ ಆ ದಾರಿಯ ಬಸ್ಸಿನಲ್ಲಿ ಓಡಾಡುವ ಯಾರೂ ಅದು ಹಳೆಯದೆಂದು ಕ್ಷಣದಲ್ಲಿ ಹೇಳಬಲ್ಲರು. ದೆಹಲಿಯ ಸತ್ಯಶೋಧಕನಿಗೆ ಇದು ಗೊತ್ತಾಗಲು ಅರ್ಧ ದಿನ ಬೇಕು. ಸ್ಥಳಜ್ಞಾನವೇ ಇಲ್ಲಿ ಮೊದಲ ಉಪಕರಣ.

2022ರ ಜೂನ್ ಕೊನೆಯಲ್ಲಿ ಸುಳ್ಯ–ಕೊಡಗು ಗಡಿಯಲ್ಲಿ ಭೂಮಿ ನಡುಗಿತು. ಜೂನ್ 25ರ ಕಂಪನ ರಿಕ್ಟರ್ ಮಾಪಕದಲ್ಲಿ 2.3, ಜೂನ್ 28ರ ಬೆಳಗ್ಗಿನದು 3.0, ಕೇಂದ್ರಬಿಂದು ಕೊಡಗಿನ ಕರಿಕೆ, ಚೆಂಬು ಕಡೆ. ಸಂಪಾಜೆ, ಅರಂತೋಡು ಭಾಗದ ಜನ ಮನೆಯಿಂದ ಹೊರಗೆ ಓಡಿದರು. ನಾಲ್ಕು ವರ್ಷ ಹಿಂದೆ, 2018ರ ಆಗಸ್ಟಿನಲ್ಲಿ, ಇದೇ ಸಂಪಾಜೆ ಘಾಟಿಯ ಜೋಡುಪಾಲದಲ್ಲಿ ಗುಡ್ಡ ಕುಸಿದು ಜನ ಸತ್ತದ್ದು ಎಲ್ಲರ ನೆನಪಿನಲ್ಲಿತ್ತು. ಇಂಥ ಹೊತ್ತಿನಲ್ಲಿ ‘ಇಂದು ರಾತ್ರಿ ಇನ್ನೂ ದೊಡ್ಡದು ಬರುತ್ತದೆ’ ಎಂಬ ಮಾತನ್ನು ತಳ್ಳಿಹಾಕಲು ಒಂದೇ ವಿಷಯ ಗೊತ್ತಿದ್ದರೆ ಸಾಕು: ಭೂಕಂಪದ ದಿನ, ಗಂಟೆ ಮುಂಚೆ ಹೇಳುವ ವಿದ್ಯೆ ಪ್ರಪಂಚದಲ್ಲಿ ಯಾರಿಗೂ ಇಲ್ಲ. ಮಳೆಯ ಮುನ್ಸೂಚನೆ ಬೇರೆ, ಅದನ್ನು ನಂಬಬೇಕು. ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಪ್ರಕಟಣೆಯಲ್ಲಿ ಈ ಎರಡರ ಅಂತರ ಸ್ಪಷ್ಟವಾಗಿ ಕಾಣುತ್ತದೆ.

ವೈರಲ್ ಆದದ್ದೆಲ್ಲ ಸುಳ್ಳಲ್ಲ. 2021ರ ಜೂನಿನಲ್ಲಿ ಸುಳ್ಯ ತಾಲ್ಲೂಕಿನ ಗುತ್ತಿಗಾರಿನ ಬಳ್ಳಕ್ಕದಲ್ಲಿ, ಮಳೆಯಲ್ಲಿ ರಸ್ತೆ ಬದಿ ಕೂತು ಆನ್‌ಲೈನ್ ಪಾಠ ಕೇಳುವ ಮಗಳಿಗೆ ತಂದೆ ಕೊಡೆ ಹಿಡಿದು ನಿಂತ ಚಿತ್ರ ದೇಶವಿಡೀ ಸುತ್ತಿತು. ತೆಗೆದವರು ಪತ್ರಕರ್ತ ಮಹೇಶ್ ಪುಚ್ಚಪ್ಪಾಡಿ. ಯಾರು ತೆಗೆದದ್ದು, ಎಲ್ಲಿ, ಯಾಕೆ ಆ ಹುಡುಗಿ ಅಲ್ಲಿದ್ದಳು (ಮನೆಯಲ್ಲಿ ನೆಟ್‌ವರ್ಕ್ ಸಿಗುತ್ತಿರಲಿಲ್ಲ) ಎಂಬ ಮೂರಕ್ಕೂ ಉತ್ತರವಿತ್ತು. ಚಿತ್ರವೊಂದು ನಂಬಿಕೆಗೆ ಅರ್ಹವಾಗುವುದು ಹೀಗೆ.

ಕೋಮು ವದಂತಿ

ಅತಿ ಹೆಚ್ಚು ಹಾನಿ ಮಾಡಿದ್ದು ಈ ಬಗೆ. 2022ರ ಜುಲೈಯಲ್ಲಿ ಬೆಳ್ಳಾರೆ ಆಸುಪಾಸಿನಲ್ಲಿ ಕೆಲವೇ ದಿನಗಳ ಅಂತರದಲ್ಲಿ ಎರಡು ಸಮುದಾಯಗಳ ಇಬ್ಬರು ಯುವಕರು, ಆಮೇಲೆ ಸುರತ್ಕಲ್‌ನಲ್ಲಿ ಮತ್ತೊಬ್ಬ ಯುವಕ ಕೊಲೆಯಾದರು. ಪುತ್ತೂರು, ಸುಳ್ಯ, ಕಡಬ ಸೇರಿದಂತೆ ಹಲವು ತಾಲ್ಲೂಕುಗಳಲ್ಲಿ ನಿಷೇಧಾಜ್ಞೆ ಬಂತು. ಕೊಲೆಗಳು ನಿಜ, ದುಃಖ ನಿಜ. ಆ ನಿಜದ ಬೆನ್ನೇರಿ ಬರುವ ‘ಮುಂದಿನದು ಇವನು’, ‘ಇಂತಲ್ಲಿ ಗುಂಪು ಸೇರಿದೆ’ ಎಂಬ ಸಂದೇಶಗಳೇ ಇಂಥ ಹೊತ್ತಿನಲ್ಲಿ ಬೆಂಕಿ ಹಬ್ಬಿಸುವುದು. ಕೇಳಿದರೆ ‘ನನಗೆ ಗೊತ್ತಿಲ್ಲ, ಗ್ರೂಪಿನಲ್ಲಿ ಬಂದಿತ್ತು’ ಎಂಬ ಉತ್ತರ. 2025ರ ಮೇ ತಿಂಗಳಲ್ಲಿ ಜಿಲ್ಲೆಯಲ್ಲಿ ಮತ್ತೆ ಕೊಲೆಗಳಾದಾಗ ಪೊಲೀಸರು ಪ್ರಚೋದಕ ಪೋಸ್ಟುಗಳ ಮೇಲೆ ಒಂದರ ಮೇಲೊಂದು ಪ್ರಕರಣ ದಾಖಲಿಸಿದರು.

ಹೊನ್ನಾವರದ ಪ್ರಕರಣ ಇದಕ್ಕಿಂತ ಸ್ಪಷ್ಟ. 2017ರ ಡಿಸೆಂಬರಿನಲ್ಲಿ ಅಲ್ಲಿ ಯುವಕನೊಬ್ಬನ ಶವ ಕೆರೆಯಲ್ಲಿ ಸಿಕ್ಕಿತು. ಚಿತ್ರಹಿಂಸೆ ಕೊಟ್ಟು, ಕುದಿಯುವ ಎಣ್ಣೆ ಸುರಿದು ಕೊಂದಿದ್ದಾರೆ ಎಂಬ ಮಾತು ಹಬ್ಬಿ ಉತ್ತರ ಕನ್ನಡ ಹೊತ್ತಿಕೊಂಡಿತು. ಮಣಿಪಾಲದ ವಿಧಿವಿಜ್ಞಾನ ತಜ್ಞರು ಆಗಲೇ ಅಂಥ ಗಾಯಗಳಿಲ್ಲವೆಂದು ತಿಳಿಸಿದ್ದರು. ಸಿಬಿಐ ತನಿಖೆ ಮಾಡಿ 2022ರಲ್ಲಿ ಇದು ಆಕಸ್ಮಿಕವಾಗಿ ಮುಳುಗಿ ಆದ ಸಾವೆಂದು ವರದಿ ಕೊಟ್ಟಿತು. ಅಷ್ಟರಲ್ಲಿ ಒಂದು ಚುನಾವಣೆಯೇ ಮುಗಿದುಹೋಗಿತ್ತು. 2018ರಲ್ಲಿ ಮಕ್ಕಳ ಕಳ್ಳರ ವದಂತಿಗೆ ಬೆಂಗಳೂರಿನ ಚಾಮರಾಜಪೇಟೆಯಲ್ಲಿ ಮೇ ತಿಂಗಳಲ್ಲಿ, ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಜುಲೈಯಲ್ಲಿ ನಿರಪರಾಧಿಗಳು ಬಲಿಯಾದರು. ಆ ತಿಂಗಳೇ ವಾಟ್ಸಾಪ್ ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐದು ಕಡೆಗೆ ಮಾತ್ರ ಕಳಿಸುವ ಮಿತಿ ತಂದಿತು.

ಪಕ್ಕದ ಬೆಳ್ತಂಗಡಿ ತಾಲ್ಲೂಕಿನ ಧರ್ಮಸ್ಥಳದಲ್ಲಿ ಶವಗಳನ್ನು ಹೂಳಲಾಗಿದೆಯೆಂಬ ದೂರು 2025ರ ಜುಲೈಯಲ್ಲಿ ಬಂದಾಗ ಸರಕಾರ ವಿಶೇಷ ತನಿಖಾ ತಂಡ ರಚಿಸಿತು; ಆಗಸ್ಟ್ 23ರಂದು ದೂರುದಾರನೇ ಬಂಧನಕ್ಕೊಳಗಾದ. ಕೃತಕ ಬುದ್ಧಿಮತ್ತೆಯಿಂದ ರಚಿಸಿದ ದೃಶ್ಯಗಳಿದ್ದ ವಿಡಿಯೊ ಒಂದರ ಮೇಲೂ ಪ್ರಕರಣವಾಯಿತು. ಸತ್ಯ ನಿರ್ಣಯವಾಗಬೇಕಾದದ್ದು ತನಿಖೆ ಮತ್ತು ನ್ಯಾಯಾಲಯಗಳಲ್ಲಿ. ಆದರೆ ಆ ಎರಡು ತಿಂಗಳು ಪರ, ವಿರುದ್ಧ ಎರಡೂ ಕಡೆಯ ಚಾನೆಲ್ಲುಗಳು ಪ್ರತಿ ಸಂಜೆ ತೀರ್ಪು ಕೊಟ್ಟವು, ನೋಡಿದವರೂ ಪಕ್ಷ ಹಿಡಿದರು. ಇನ್ನೂ ಗೊತ್ತಿಲ್ಲ ಎಂಬ ಸ್ಥಿತಿಯಲ್ಲಿ ತಾಳ್ಮೆಯಿಂದ ಇರುವುದು ಮಾಧ್ಯಮ ಸಾಕ್ಷರತೆಯಲ್ಲೇ ಅತಿ ಕಠಿಣವಾದ ಭಾಗ.

ನಮ್ಮ ಬೆಳೆ, ನಮ್ಮ ಪಕ್ಷಪಾತ

ಇತರರ ಸುಳ್ಳನ್ನು ಕಂಡುಹಿಡಿಯುವುದು ಸುಲಭ. ತನ್ನ ಹೊಟ್ಟೆಪಾಡಿನ ವಿಷಯ ಬಂದಾಗ ತಕ್ಕಡಿ ಹಿಡಿದ ಕೈ ನಡುಗುತ್ತದೆ. ಈ ಸೀಮೆಯಲ್ಲಿ ಆ ವಿಷಯ ಅಡಿಕೆ.

ವಿಶ್ವ ಆರೋಗ್ಯ ಸಂಸ್ಥೆಯ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲಿ ಪ್ರಕಟಿಸಿದ ತನ್ನ 85ನೇ ಸಂಪುಟದಲ್ಲಿ ಅಡಿಕೆಯನ್ನು ಮನುಷ್ಯರಲ್ಲಿ ಕ್ಯಾನ್ಸರ್ ತರುವ ಮೊದಲ ಗುಂಪಿಗೆ ಸೇರಿಸಿತು. ‘ಅದು ತಂಬಾಕು ಬೆರೆಸಿದವರ ಲೆಕ್ಕ, ಬರೀ ಅಡಿಕೆಯದ್ದಲ್ಲ’ ಎಂಬುದು ಇಲ್ಲಿ ಎಲ್ಲ ಸಭೆಗಳಲ್ಲಿ ಕೇಳುವ ಉತ್ತರ. ಆದರೆ ಆ ತೀರ್ಮಾನಕ್ಕೆ ತೈವಾನಿನ ಅಧ್ಯಯನಗಳು ಮುಖ್ಯ ಆಧಾರವಾಗಿದ್ದವು, ಅಲ್ಲಿ ಅಡಿಕೆಗೆ ತಂಬಾಕು ಸೇರಿಸುವ ರೂಢಿ ಇಲ್ಲ. ಅಂದರೆ ಆ ಉತ್ತರ ನಿಲ್ಲುವುದಿಲ್ಲ. ತೈವಾನಿನಲ್ಲಿ ಜಗಿಯುವುದು ಎಳೆಯ ಹಸಿ ಅಡಿಕೆ, ನಮ್ಮದು ಬಲಿತು ಒಣಗಿದ ಚಾಲಿ, ಪರಿಣಾಮ ಬೇರೆ ಇರಬಹುದೆಂಬ ಪ್ರಶ್ನೆಯನ್ನು ಕೇಳಬಹುದು. ಅದು ಸಂಶೋಧನೆಯಿಂದ ಉತ್ತರಿಸಬೇಕಾದ ಪ್ರಶ್ನೆ, ಉತ್ತರ ಮೊದಲೇ ನಿರ್ಧರಿಸಿಕೊಂಡು ಕೇಳಬಾರದು. ಬೆಳೆಗಾರನ ಬದುಕನ್ನು ಕಾಯಬೇಕೆಂದು ಮನಸಾರೆ ಬಯಸುತ್ತಲೇ ಇದನ್ನು ಒಪ್ಪಬೇಕಾಗುತ್ತದೆ.

ಇನ್ನೊಂದು ಬದಿಯಲ್ಲಿ ವಿನಾಕಾರಣ ಭಯವೂ ಹುಟ್ಟುತ್ತದೆ. 2022ರ ಸೆಪ್ಟೆಂಬರಿನಲ್ಲಿ ಕೇಂದ್ರ ಸರಕಾರ ಕನಿಷ್ಠ ಆಮದು ಬೆಲೆಯ ಷರತ್ತಿಲ್ಲದೆ ಭೂತಾನಿನಿಂದ ವರ್ಷಕ್ಕೆ 17,000 ಟನ್ ಹಸಿ ಅಡಿಕೆ ತರಲು ಅನುಮತಿಸಿತು. ಮಾರುಕಟ್ಟೆ ಮುಳುಗಿತೆಂಬ ಆತಂಕ ತೋಟತೋಟಕ್ಕೆ ಹರಿಯಿತು. ಪೆನ್ನು ತೆಗೆದು ಲೆಕ್ಕ ಹಾಕಿದರೆ: ಹಸಿ ಅಡಿಕೆ ಒಣಗಿ ಸುಲಿದ ಮೇಲೆ ಉಳಿಯುವುದು ತೂಕದ ಐದನೇ ಒಂದರ ಆಸುಪಾಸು, ಅಂದರೆ ಸುಮಾರು ಮೂರೂವರೆ ಸಾವಿರ ಟನ್. ಭಾರತದ ವಾರ್ಷಿಕ ಉತ್ಪನ್ನ ಹತ್ತು ಲಕ್ಷ ಟನ್ನಿಗೂ ಮೇಲೆ. ಶೇಕಡ ಅರ್ಧವೂ ಆಗುವುದಿಲ್ಲ. ಅದರ ಮರೆಯಲ್ಲಿ ಕಳ್ಳಸಾಗಣೆ ನಡೆಯಬಹುದೆಂಬ ಶಂಕೆ ನ್ಯಾಯವಾದದ್ದು, ಆದರೆ ಅದು ಬೇರೆ ವಾದ, ಬೇರೆ ಸಾಕ್ಷ್ಯ ಬೇಡುತ್ತದೆ. 1973ರಲ್ಲಿ ವಾರಣಾಶಿ ಸುಬ್ರಾಯ ಭಟ್ಟರ ನೇತೃತ್ವದಲ್ಲಿ ಕಟ್ಟಿದ ಕ್ಯಾಂಪ್ಕೊದಂಥ ಸಹಕಾರಿ ಸಂಸ್ಥೆ ದಿನದ ಖರೀದಿ ದರವನ್ನು ಬಹಿರಂಗವಾಗಿ ಪ್ರಕಟಿಸುವುದು ಬೆಲೆಯ ವದಂತಿಗೆ ಸಿಕ್ಕಿರುವ ಅತ್ಯುತ್ತಮ ಮದ್ದು.

ಕಾನೂನು ಮತ್ತು ಪಾಠ

ಕರ್ನಾಟಕ ಸರಕಾರ 2023ರಲ್ಲಿ ಸತ್ಯಶೋಧನಾ ಘಟಕ ಘೋಷಿಸಿತು. 2025ರ ಜೂನಿನಲ್ಲಿ ಬಹಿರಂಗವಾದ ಸುಳ್ಳು ಸುದ್ದಿ ನಿಷೇಧ ಮಸೂದೆಯ ಕರಡು ಏಳು ವರ್ಷದವರೆಗೆ ಜೈಲುಶಿಕ್ಷೆ ಸೂಚಿಸಿ ವ್ಯಾಪಕ ಟೀಕೆಗೆ ಒಳಗಾಯಿತು. ಕೇಂದ್ರದ ಸತ್ಯಶೋಧನಾ ಘಟಕದ ನಿಯಮವನ್ನು ಬಾಂಬೆ ಹೈಕೋರ್ಟು 2024ರ ಸೆಪ್ಟೆಂಬರಿನಲ್ಲಿ ರದ್ದುಗೊಳಿಸಿತು. ತನ್ನ ಬಗ್ಗೆ ಬಂದ ಸುದ್ದಿ ಸುಳ್ಳೋ ನಿಜವೋ ಎಂದು ಸರಕಾರವೇ ನಿರ್ಧರಿಸುವುದರ ಅಪಾಯವನ್ನು ಎಂಡೋಸಲ್ಫಾನಿನ ಚರಿತ್ರೆ ಗೊತ್ತಿರುವವರಿಗೆ ಬಿಡಿಸಿ ಹೇಳಬೇಕಿಲ್ಲ.

ಪಾಠದ ವಿಷಯದಲ್ಲಿ ಬಿಹಾರದ ಎರಡು ಅಧ್ಯಯನಗಳು ದಾರಿ ತೋರುತ್ತವೆ. ಸುಮಿತ್ರಾ ಬದ್ರಿನಾಥನ್ 2019ರ ಲೋಕಸಭಾ ಚುನಾವಣೆಯ ಸಮಯದಲ್ಲಿ ಅಲ್ಲಿ 1,224 ಜನರೊಂದಿಗೆ ನಡೆಸಿದ ಪ್ರಯೋಗದಲ್ಲಿ, ಸುಮಾರು ಒಂದು ಗಂಟೆಯ ತರಬೇತಿಯಿಂದ ಒಟ್ಟಾರೆ ಪ್ರಯೋಜನ ಕಾಣಲಿಲ್ಲ. ಮುಂದೆ ಅವರೂ ಸಂಗಡಿಗರೂ 13,500ಕ್ಕೂ ಹೆಚ್ಚು ಶಾಲಾ ಮಕ್ಕಳಿಗೆ ಹಲವು ವಾರಗಳ ಕಾಲ ತರಗತಿಯಲ್ಲಿ ಕಲಿಸಿದಾಗ ಮಕ್ಕಳ ವಿವೇಚನೆ ಸುಧಾರಿಸಿತು, ತಿಂಗಳುಗಳ ನಂತರವೂ ಉಳಿಯಿತು, ಹೆತ್ತವರಿಗೂ ಸ್ವಲ್ಪ ದಾಟಿತು. ಕಾಲೇಜುಗಳಲ್ಲಿ ಅರ್ಧ ದಿನದ ಕಾರ್ಯಾಗಾರ ನಡೆಸಿ, ಬ್ಯಾನರಿನ ಮುಂದೆ ಫೋಟೊ ತೆಗೆಸಿಕೊಂಡು ಮುಗಿಸುವ ನಮ್ಮ ಪದ್ಧತಿಗೆ ಇದು ನೇರ ಉತ್ತರ.

ಕೇರಳ ಈ ದಾರಿಯಲ್ಲಿ ಮುಂದಿದೆ. ಕಣ್ಣೂರು ಜಿಲ್ಲೆಯ ಶಾಲೆಗಳಲ್ಲಿ 2018ರಲ್ಲಿ ‘ಸತ್ಯಮೇವ ಜಯತೇ’ ಹೆಸರಿನ ಪಾಠ ಶುರುವಾಯಿತು. 2022ರಲ್ಲಿ ಕೇರಳದ ಶಿಕ್ಷಣ ತಂತ್ರಜ್ಞಾನ ಸಂಸ್ಥೆ ‘ಕೈಟ್’ ಅದೇ ಹೆಸರಿನಲ್ಲಿ 19.72 ಲಕ್ಷ ವಿದ್ಯಾರ್ಥಿಗಳಿಗೆ ತರಬೇತಿ ಕೊಟ್ಟಿತು. ಈಚೆಗೆ 5 ಮತ್ತು 7ನೇ ತರಗತಿಯ ಮಾಹಿತಿ ತಂತ್ರಜ್ಞಾನ ಪಠ್ಯಕ್ಕೇ ಸತ್ಯಶೋಧನೆ ಸೇರಿದೆ, ಅದೂ ಮಲಯಾಳ, ಇಂಗ್ಲಿಷ್, ತಮಿಳು, ಕನ್ನಡ ನಾಲ್ಕರಲ್ಲಿ. ಅಂದರೆ ಜಾಲ್ಸೂರಿನಿಂದ ಗಡಿ ದಾಟಿ ಆಚೆ ಹೋದರೆ ಆದೂರು, ಮುಳ್ಳೇರಿಯ ಭಾಗದ ಕನ್ನಡ ಮಾಧ್ಯಮದ ಮಕ್ಕಳ ಕೈಯಲ್ಲಿ ಕನ್ನಡದಲ್ಲೇ ಅಚ್ಚಾದ ಪಾಠವಿದೆ. ಅದನ್ನು ಈಚೆಗೆ ತರಿಸಿಕೊಂಡು ಸುಳ್ಯ, ಪುತ್ತೂರು, ಕಡಬದ ಅಧ್ಯಾಪಕರು ಬಳಸಲು ಯಾವ ದೊಡ್ಡ ವೆಚ್ಚವೂ ಬೇಡ. ಜೊತೆಗೆ ಸೇರಿಸಬೇಕಾದದ್ದು ಇಲ್ಲಿಯದೇ ಅಭ್ಯಾಸಗಳು: ತಿದ್ದಿದ ರಜೆ ಆದೇಶ, ಹೊಸಮಠದ ಹಳೆಯ ಚಿತ್ರ, ಪಡ್ರೆಯ ಎರಡು ವರದಿ, ಭೂತಾನ್ ಅಡಿಕೆಯ ಲೆಕ್ಕ, ಮತ್ತು ತುಳುವಿನಲ್ಲಿ ಬಂದ ಒಂದು ಧ್ವನಿ ಸಂದೇಶವನ್ನು ಕೇಳಿ ‘ಇದು ಯಾರ ದನಿ, ಅವರನ್ನು ಕರೆದು ಕೇಳಬಹುದೋ’ ಎಂದು ವಿಚಾರಿಸುವ ಒಂದು ತರಗತಿ.